ಕುದುರೆಮುಖ: ನೀರು ಹುಟ್ಟುವ ಬೆಟ್ಟ



ದಿನಾ ಬೆಳಗ್ಗೆ ನಾವು ಕೊಡ ಹಿಡಿದು ನೀರಿಗೆ ಹೋಗುತ್ತೇವೆ. ಕೆಲವರ ಮನೆಗೆ ನಲ್ಲಿ ಬಂದಿದೆ. ಕೆಲವರು ಬೋರಿನ ಹತ್ತಿರ ಸಾಲು ನಿಲ್ಲುತ್ತಾರೆ. ಕೆಲವರು ಕಾಲುವೆಗೆ, ಹೊಳೆಗೆ ಹೋಗುತ್ತಾರೆ. ಕೊಡ ತುಂಬಿದರೆ ಸಾಕು, ಮನೆಗೆ ಓಡುತ್ತೇವೆ. ಒಲೆ ಕಾಯುತ್ತಾ ಇರ್ತದೆ. ಮಕ್ಕಳನ್ನು ಶಾಲೆಗೆ ಕಳಿಸಬೇಕು. ಈ ನೀರು ಎಲ್ಲಿಂದ ಬಂತು ಎಂದು ಯೋಚಿಸಲು ಹೊತ್ತೆಲ್ಲಿದೆ?

ಇವತ್ತಿನ ಪಾಠದಲ್ಲಿ ಅದನ್ನೇ ಯೋಚಿಸೋಣ. ಹೊಳೆಯ ದಾರಿ ಹಿಡಿದು ಮೇಲೆ ಮೇಲೆ ಹೋದರೆ ಕೊನೆಗೆ ಒಂದು ಬೆಟ್ಟ ಸಿಗುತ್ತದೆ. ಬೆಟ್ಟದ ಸುತ್ತ ಕಾಡು ಸಿಗುತ್ತದೆ. ಅಂಥ ಒಂದು ಬೆಟ್ಟದ ಹೆಸರು ಕುದುರೆಮುಖ.

1. ಬೆಟ್ಟ ಎಲ್ಲಿದೆ?

ನಮ್ಮ ರಾಜ್ಯದ ಪಶ್ಚಿಮ ದಿಕ್ಕಿಗೆ ಅರಬ್ಬೀ ಸಮುದ್ರ ಇದೆ. ಪಶ್ಚಿಮ ಅಂದರೆ ಸೂರ್ಯ ಮುಳುಗುವ ಕಡೆ. ಸಮುದ್ರದ ದಡದಲ್ಲಿ ಕರಾವಳಿ. ಅಲ್ಲಿ ತೆಂಗು, ಅಡಿಕೆ, ಗದ್ದೆ. ಕರಾವಳಿ ದಾಟಿ ಪೂರ್ವಕ್ಕೆ ಬಂದರೆ ಗೋಡೆ ಕಟ್ಟಿದ ಹಾಗೆ ಬೆಟ್ಟಗಳ ಸಾಲು ನಿಂತಿದೆ. ಇದಕ್ಕೆ ಪಶ್ಚಿಮ ಘಟ್ಟ ಎನ್ನುತ್ತಾರೆ. ಸಹ್ಯಾದ್ರಿ ಎಂಬ ಹೆಸರೂ ಇದೆ. ಮಲೆನಾಡು ಇರುವುದು ಈ ಘಟ್ಟದ ಮೇಲೆ. ಇನ್ನೂ ಪೂರ್ವಕ್ಕೆ ಹೋದರೆ ಬಯಲುಸೀಮೆ.

ಕುದುರೆಮುಖ ಈ ಘಟ್ಟದ ಸಾಲಿನಲ್ಲಿರುವ ಒಂದು ದೊಡ್ಡ ಶಿಖರ. ಶಿಖರ ಅಂದರೆ ಬೆಟ್ಟದ ತುತ್ತತುದಿ. ಅದರ ಒಂದು ಕಡೆ ಚಿಕ್ಕಮಗಳೂರು ಜಿಲ್ಲೆಯ ಕಳಸ, ಸಂಸೆ ಊರುಗಳು. ಇನ್ನೊಂದು ಕಡೆ, ಘಟ್ಟದ ಕೆಳಗೆ, ದಕ್ಷಿಣ ಕನ್ನಡದ ಬೆಳ್ತಂಗಡಿ. ಮೇಲೆ ಕಾಫಿ, ಏಲಕ್ಕಿ, ಚಹಾ. ಕೆಳಗೆ ಅಡಿಕೆ, ತೆಂಗು.

ಒಂದು ದಿಕ್ಕಿನಿಂದ ನೋಡಿದರೆ ಬೆಟ್ಟದ ತುದಿ ಕುದುರೆಯ ಮುಖದ ಹಾಗೆ ಕಾಣುತ್ತದೆ. ಅದಕ್ಕೇ ಈ ಹೆಸರು. ಹಿಂದಿನ ಕಾಲದಲ್ಲಿ ಸಮುದ್ರದಲ್ಲಿ ಹಡಗು ನಡೆಸುವವರಿಗೂ ಇದು ಗುರುತಿನ ಬೆಟ್ಟವಾಗಿತ್ತು. ದೂರದಿಂದ ಕುದುರೆಯ ಮುಖ ಕಂಡರೆ ತಾವು ಎಲ್ಲಿದ್ದೇವೆ ಎಂದು ಅವರಿಗೆ ತಿಳಿಯುತ್ತಿತ್ತು.

2. ಎಷ್ಟು ಎತ್ತರ?

ಕುದುರೆಮುಖ ಸಮುದ್ರದ ನೀರಿನ ಮಟ್ಟದಿಂದ ಸುಮಾರು 1,890 ಮೀಟರ್ ಎತ್ತರ ಇದೆ. ಬೆಟ್ಟದ ಎತ್ತರವನ್ನು ಯಾವಾಗಲೂ ಸಮುದ್ರದ ಮಟ್ಟದಿಂದಲೇ ಅಳೆಯುತ್ತಾರೆ. ಯಾಕೆಂದರೆ ನೆಲ ಒಂದೊಂದು ಊರಲ್ಲಿ ಒಂದೊಂದು ಎತ್ತರ. ಸಮುದ್ರವಾದರೆ ಎಲ್ಲರಿಗೂ ಒಂದೇ ಅಳತೆ.

1,890 ಮೀಟರ್ ಅಂದರೆ ಎಷ್ಟು? ಒಂದು ದೊಡ್ಡ ತೆಂಗಿನ ಮರ ಸುಮಾರು 20 ಮೀಟರ್ ಇರುತ್ತದೆ. ಒಂದರ ಮೇಲೊಂದು 95 ತೆಂಗಿನ ಮರ ನಿಲ್ಲಿಸಿದರೆ ಎಷ್ಟು ಎತ್ತರವೋ ಅಷ್ಟು! ಕರ್ನಾಟಕದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ. ಅದೂ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇದೆ. ಅದರ ಎತ್ತರ ಸುಮಾರು 1,930 ಮೀಟರ್. ಕುದುರೆಮುಖ ಅದಕ್ಕಿಂತ ಎರಡು ತೆಂಗಿನ ಮರದಷ್ಟು ಮಾತ್ರ ಕಡಿಮೆ.

ಎತ್ತರ ಹೆಚ್ಚಿದ ಹಾಗೆ ಚಳಿ ಹೆಚ್ಚುತ್ತದೆ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು 6 ಡಿಗ್ರಿ ಸೆಖೆ ಇಳಿಯುತ್ತದೆ. ಮಂಗಳೂರಿನಲ್ಲಿ ಜನ ಬೀಸಣಿಗೆ ಹಿಡಿದು ಕೂತಿರುವಾಗ ಕುದುರೆಮುಖದ ತುದಿಯಲ್ಲಿ ಕಂಬಳಿ ಹೊದೆಯುವ ಹಾಗೆ ಆಗುತ್ತದೆ.

3. ಇಲ್ಲಿ ಇಷ್ಟೊಂದು ಮಳೆ ಯಾಕೆ?

ಅನ್ನಕ್ಕೆ ಇಟ್ಟಾಗ ಪಾತ್ರೆಗೆ ಮುಚ್ಚಳ ಹಾಕುತ್ತೀರಿ. ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ತೆಗೆದು ನೋಡಿ. ಅದರ ಒಳಗೆ ನೀರಿನ ಹನಿಗಳು ಕಾಣುತ್ತವೆ. ನೀರು ಕಾದು ಆವಿಯಾಯಿತು. ಆವಿ ಮೇಲೆ ಹೋಯಿತು. ಮುಚ್ಚಳ ಸ್ವಲ್ಪ ತಣ್ಣಗಿತ್ತು. ಆವಿ ಅದಕ್ಕೆ ತಾಗಿ ಮತ್ತೆ ನೀರಾಯಿತು.

ಮಳೆಯೂ ಹೀಗೇ. ಬಿಸಿಲಿಗೆ ಸಮುದ್ರದ ನೀರು ಆವಿಯಾಗುತ್ತದೆ. ಜೂನ್ ತಿಂಗಳು ಬಂದರೆ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತದೆ. ಇದು ಮುಂಗಾರು ಗಾಳಿ. ಅದು ಆವಿಯನ್ನು ಹೊತ್ತು ತರುತ್ತದೆ. ದಾರಿಗೆ ಅಡ್ಡವಾಗಿ ಘಟ್ಟದ ಗೋಡೆ ನಿಂತಿದೆ. ಗಾಳಿ ಏನು ಮಾಡಬೇಕು? ಮೇಲೆ ಹತ್ತಲೇಬೇಕು. ಮೇಲೆ ಹೋದಂತೆ ತಣ್ಣಗಾಗುತ್ತದೆ. ತಣ್ಣಗಾದ ಆವಿ ನೀರಾಗಿ ಸುರಿಯುತ್ತದೆ. ಬೆಟ್ಟ ನಮಗೆ ಮುಚ್ಚಳದ ಕೆಲಸ ಮಾಡುತ್ತದೆ.

ಕುದುರೆಮುಖದ ಕಾಡಿನ ಹಲವು ಕಡೆ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಆಗುತ್ತದೆ. ಇಷ್ಟು ಮಳೆ ಹರಿಯದೆ, ಇಂಗದೆ ನಿಂತರೆ ಎರಡು ಅಂತಸ್ತಿನ ಮನೆಯಷ್ಟು ಎತ್ತರ ನೀರು ನಿಲ್ಲುತ್ತದೆ! ಗಾಳಿ ಘಟ್ಟ ದಾಟಿ ಪೂರ್ವಕ್ಕೆ ಹೋಗುವಾಗ ಅದರ ಕೊಡ ಬರಿದಾಗಿರುತ್ತದೆ. ಅದಕ್ಕೇ ಚಿತ್ರದುರ್ಗ, ಬಳ್ಳಾರಿ ಕಡೆ ವರ್ಷಕ್ಕೆ ಸುಮಾರು 500ರಿಂದ 600 ಮಿಲಿಮೀಟರ್ ಮಾತ್ರ ಮಳೆ. ಮೊಣಕಾಲಿನ ಮಟ್ಟದಷ್ಟು ನೀರು ಅನ್ನಿ.

"ನಮ್ಮೂರಿಗೆ ಮಳೆ ಯಾಕೆ ಬರಲ್ಲ, ಯಾರ ಪಾಪ?" ಎಂದು ಬಯಲುಸೀಮೆಯ ಅಕ್ಕಂದಿರು ಕೇಳುವುದುಂಟು. ಇದು ಯಾರ ಪಾಪವೂ ಅಲ್ಲ. ಊರು ಬೆಟ್ಟದ ಯಾವ ಕಡೆ ಇದೆ ಎಂಬುದು ದೊಡ್ಡ ಕಾರಣ.

4. ಬೆಟ್ಟ ನೀರನ್ನು ಹೇಗೆ ಕೂಡಿಡುತ್ತದೆ?

ಮಳೆ ಬರುವುದು ನಾಲ್ಕು ತಿಂಗಳು. ಆದರೆ ಹೊಳೆ ಬೇಸಿಗೆಯಲ್ಲೂ ಹರಿಯುತ್ತದಲ್ಲ! ಆ ನೀರು ಎಲ್ಲಿ ಇತ್ತು?

ಕುದುರೆಮುಖದ ಕಡೆ ಬೆಟ್ಟದ ನೆತ್ತಿ ಮತ್ತು ಇಳಿಜಾರಿನಲ್ಲಿ ಹುಲ್ಲು ಬೆಳೆದಿರುತ್ತದೆ. ದೂರದಿಂದ ಹಸಿರು ಸೀರೆ ಹರವಿದ ಹಾಗೆ. ಎರಡು ಬೆಟ್ಟಗಳ ನಡುವಿನ ಮಡಿಕೆಯಲ್ಲಿ ದಟ್ಟವಾದ ಕಾಡು ಇರುತ್ತದೆ. ಇದಕ್ಕೆ ಶೋಲಾ ಕಾಡು ಎನ್ನುತ್ತಾರೆ. ಬೆಟ್ಟದ ಮೇಲೆ ಗಾಳಿ ಜೋರು, ಮಣ್ಣು ತೆಳು. ಅಲ್ಲಿ ದೊಡ್ಡ ಮರ ನಿಲ್ಲುವುದು ಕಷ್ಟ. ಮಡಿಕೆಯಲ್ಲಿ ಗಾಳಿ ಕಡಿಮೆ, ಮಣ್ಣು ಆಳ, ನೀರಿನ ಪಸೆ ಹೆಚ್ಚು. ಅಲ್ಲಿ ಮರ ಚೆನ್ನಾಗಿ ಬೆಳೆಯುತ್ತದೆ.

"ಹುಲ್ಲಿನ ಬೆಟ್ಟ ಖಾಲಿ ಬಿದ್ದಿದೆ, ಗಿಡ ನೆಡಬಹುದಲ್ಲ" ಎಂದು ಕೆಲವರು ಹೇಳುತ್ತಾರೆ. ಅದು ಖಾಲಿ ಜಾಗ ಅಲ್ಲ. ಹುಲ್ಲಿಗೆ ಅದರದೇ ಕೆಲಸ ಇದೆ. ಹುಲ್ಲಿನ ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಮಳೆ ನೇರವಾಗಿ ನೆಲಕ್ಕೆ ಹೊಡೆಯದಂತೆ ತಡೆಯುತ್ತದೆ. ಕಾಡೆಮ್ಮೆಗೆ, ಕಡವೆಗೆ ಮೇವು ಕೊಡುತ್ತದೆ.

ಶೋಲಾದ ಒಳಗೆ ನೆಲದ ತುಂಬಾ ತರಗೆಲೆ. ಅದರ ಕೆಳಗೆ ಮೆತ್ತನೆಯ ಕಪ್ಪು ಮಣ್ಣು. ಮಳೆ ನೀರು ಅದರೊಳಗೆ ನಿಧಾನವಾಗಿ ಇಂಗುತ್ತದೆ.

ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಎರಡು ತಟ್ಟೆಗಳನ್ನು ಸ್ವಲ್ಪ ಓರೆಯಾಗಿ ಇಡಿ. ಒಂದನ್ನು ಬರಿದಾಗಿ ಬಿಡಿ. ಇನ್ನೊಂದರ ಮೇಲೆ ದಪ್ಪ ಹಳೇ ಬಟ್ಟೆ ಮಡಿಸಿ ಹಾಸಿ. ಎರಡಕ್ಕೂ ಒಂದೊಂದು ಲೋಟ ನೀರು ಹೊಯ್ಯಿರಿ. ಬರಿ ತಟ್ಟೆಯ ನೀರು ಆಗಲೇ ಓಡಿ ಹೋಗುತ್ತದೆ. ಬಟ್ಟೆ ಇರುವ ತಟ್ಟೆಯಿಂದ ತೊಟ್ಟು ತೊಟ್ಟಾಗಿ, ತುಂಬಾ ಹೊತ್ತು ನೀರು ಇಳಿಯುತ್ತದೆ. ಕಾಡು ಆ ಬಟ್ಟೆ ಇದ್ದ ಹಾಗೆ. ಕಾಡು ಹೋದ ಬೆಟ್ಟ ಬರಿ ತಟ್ಟೆ. ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಬರ. ಎರಡೂ ಒಂದೇ ಬರಿ ಬೆಟ್ಟದಿಂದ ಬರಬಹುದು.

5. ಒಂದು ಮಾಡು, ಎರಡು ಅಂಗಳ

ಹೆಂಚಿನ ಮನೆ ನೋಡಿದ್ದೀರಲ್ಲ? ಮಾಡಿನ ನೆತ್ತಿಯ ಮೇಲೆ ಮಳೆ ಬೀಳುತ್ತದೆ. ಒಂದು ಹನಿ ಈ ಕಡೆ ಜಾರಿ ಮುಂದಿನ ಅಂಗಳಕ್ಕೆ ಬೀಳುತ್ತದೆ. ಪಕ್ಕದ ಹನಿ ಆ ಕಡೆ ಜಾರಿ ಹಿತ್ತಲಿಗೆ ಬೀಳುತ್ತದೆ. ಒಂದೇ ಮಳೆ, ದಾರಿ ಎರಡು.

ಪಶ್ಚಿಮ ಘಟ್ಟ ನಮ್ಮ ನಾಡಿಗೆ ಅಂಥ ಮಾಡು. ಕುದುರೆಮುಖದ ಬೆಟ್ಟಸಾಲಿನಲ್ಲಿ ಗಂಗಾಮೂಲ ಎಂಬ ಜಾಗ ಇದೆ. ತುಂಗಾ, ಭದ್ರಾ, ನೇತ್ರಾವತಿ ಈ ಮೂರು ನದಿಗಳು ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಮೂವರು ಅಕ್ಕತಂಗಿಯರು ಒಂದೇ ತವರಿನಲ್ಲಿ ಹುಟ್ಟಿ ಬೇರೆ ಬೇರೆ ಊರು ಸೇರಿದ ಹಾಗೆ.

ತುಂಗಾ ಪೂರ್ವಕ್ಕೆ ಹರಿಯುತ್ತಾಳೆ. ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ಅವಳ ದಾರಿ. ಭದ್ರಾ ಕಳಸ, ಬಾಳೆಹೊನ್ನೂರು ಕಡೆಯಿಂದ ಬಂದು ಲಕ್ಕವಳ್ಳಿಯ ಅಣೆಕಟ್ಟು ಸೇರಿ, ಭದ್ರಾವತಿ ದಾಟುತ್ತಾಳೆ. ಶಿವಮೊಗ್ಗದ ಹತ್ತಿರ ಕೂಡ್ಲಿ ಎಂಬಲ್ಲಿ ಇಬ್ಬರೂ ಕೂಡುತ್ತಾರೆ. ಅಲ್ಲಿಂದ ಮುಂದೆ ಹೆಸರು ತುಂಗಭದ್ರಾ. ಹರಿಹರ, ಹೊಸಪೇಟೆಯ ಅಣೆಕಟ್ಟು, ಹಂಪಿ ದಾಟಿ ಕೊನೆಗೆ ಕೃಷ್ಣಾ ನದಿಗೆ ಸೇರುತ್ತಾಳೆ. ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ.

ನೇತ್ರಾವತಿ ಮಾತ್ರ ಪಶ್ಚಿಮಕ್ಕೆ ತಿರುಗುತ್ತಾಳೆ. ಧರ್ಮಸ್ಥಳ, ಉಪ್ಪಿನಂಗಡಿ, ಬಂಟ್ವಾಳ ದಾಟಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತಾಳೆ. ಮಂಗಳೂರಿನ ಜನ ಕುಡಿಯುವುದು ಅವಳ ನೀರನ್ನೇ.

ದಾವಣಗೆರೆಯ ಗದ್ದೆಯಲ್ಲಿ ಸಸಿ ನಾಟಿ ಮಾಡುವ ಹೆಂಗಸಿನ ಕಾಲಿಗೆ ತಾಗುವ ಭದ್ರಾ ಕಾಲುವೆಯ ನೀರು ಈ ಬೆಟ್ಟದ ಕಡೆಯದು. ಕೊಪ್ಪಳ, ರಾಯಚೂರಿನ ಕಾಲುವೆಯಲ್ಲಿ ಹರಿಯುವ ನೀರಿನಲ್ಲೂ ಈ ಬೆಟ್ಟದ ಪಾಲಿದೆ. ಅವರು ಬೆಟ್ಟವನ್ನು ಕಣ್ಣಿನಿಂದ ನೋಡಿರಲಿಕ್ಕಿಲ್ಲ. ಆದರೆ ಅವರ ಅನ್ನದಲ್ಲಿ ಬೆಟ್ಟ ಇದೆ.

6. ಕಾಡಿನಲ್ಲಿ ಯಾರು ಯಾರು ಇದ್ದಾರೆ?

ಈ ಕಾಡಿನಲ್ಲಿ ಹುಲಿ ಇದೆ, ಚಿರತೆ ಇದೆ. ಕಾಡೆಮ್ಮೆ, ಕಡವೆ, ಕಾಡುಹಂದಿ ಇವೆ. ಕಾಳಿಂಗ ಸರ್ಪ ಇದೆ. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಇದೆ. ಮಳೆಗಾಲದಲ್ಲಿ ಹೋದರೆ ಕಾಲಿಗೆ ಇಂಬಳ ಅಂತೂ ಹತ್ತಿಯೇ ಹತ್ತುತ್ತದೆ.

ಇವರೆಲ್ಲರ ನಡುವೆ ಒಬ್ಬ ಅಪರೂಪದ ನೆಂಟ ಇದ್ದಾನೆ. ಅವನೇ ಸಿಂಗಳೀಕ. ಇದು ಒಂದು ಜಾತಿಯ ಕೋತಿ. ಮೈ ಕಪ್ಪು. ಮುಖದ ಸುತ್ತ ಬಿಳಿಬೂದು ಕೂದಲಿನ ಕೇಸರ. ಬಾಲದ ತುದಿಯಲ್ಲಿ ಸಿಂಹಕ್ಕೆ ಇರುವಂಥ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಸಿಂಗಳೀಕ ಇಲ್ಲ.

ಊರ ಕೋತಿಯ ಹಾಗೆ ಇದು ಸುಲಭವಾಗಿ ನೆಲಕ್ಕೆ ಇಳಿಯುವುದಿಲ್ಲ. ಮರದಿಂದ ಮರಕ್ಕೆ ಹೋಗುತ್ತದೆ. ಅಲ್ಲೇ ಹಣ್ಣು, ಹುಳ ತಿನ್ನುತ್ತದೆ. ಅಲ್ಲೇ ಮಲಗುತ್ತದೆ. ಆದ್ದರಿಂದ ಇದಕ್ಕೆ ಕೊಂಬೆಗೆ ಕೊಂಬೆ ತಾಗುವ ಕಾಡು ಬೇಕು. ನಡುವೆ ಅಗಲವಾಗಿ ಮರ ಕಡಿದರೆ ಇದರ ದಾರಿಯೇ ತುಂಡಾಗುತ್ತದೆ. ಹೊಳೆಯ ಮೇಲಿನ ಸಂಕ ಮುರಿದರೆ ನಮಗೆ ಆಗುವ ಹಾಗೆ.

ವನ್ಯಜೀವಿ ತಜ್ಞ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಕರ್ನಾಟಕದ ಸಿಂಗಳೀಕಗಳ ಸಮೀಕ್ಷೆ ಮಾಡಿದರು. ಕುದುರೆಮುಖದ ಕಾಡನ್ನು ಕಾಪಾಡಬೇಕೆಂದು ಹೇಳಿದರು. 1987ರಲ್ಲಿ ಸರ್ಕಾರ ಇಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಿಸಿತು. ಅದರ ವಿಸ್ತಾರ ಸುಮಾರು 600 ಚದರ ಕಿಲೋಮೀಟರ್. ಎಕರೆ ಲೆಕ್ಕದಲ್ಲಿ ಹೇಳಿದರೆ ಸುಮಾರು ಒಂದೂವರೆ ಲಕ್ಷ ಎಕರೆ. 2012ರಲ್ಲಿ ಪಶ್ಚಿಮ ಘಟ್ಟದ 39 ಜಾಗಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕುದುರೆಮುಖವೂ ಅದರಲ್ಲಿ ಒಂದು. ಅಂದರೆ ಇದು ಇಡೀ ಲೋಕದ ಆಸ್ತಿ ಎಂದು ಒಪ್ಪಿದ ಹಾಗಾಯಿತು.

7. ಬೆಟ್ಟದ ಹೊಟ್ಟೆಯಲ್ಲಿ ಕಬ್ಬಿಣ

ಕುದುರೆಮುಖದ ಮಣ್ಣಿನಲ್ಲಿ ಕಬ್ಬಿಣದ ಅದಿರು ಇದೆ. ಅದಿರು ಅಂದರೆ ಲೋಹ ಸೇರಿರುವ ಕಲ್ಲುಮಣ್ಣು. 1976ರಲ್ಲಿ ಕೇಂದ್ರ ಸರ್ಕಾರ ಇದನ್ನು ತೆಗೆಯಲು ಒಂದು ಕಂಪನಿ ಕಟ್ಟಿತು. ಅದಿರನ್ನು ಇರಾನ್ ದೇಶಕ್ಕೆ ಮಾರುವುದು ಮೊದಲಿನ ಯೋಚನೆ. 1979ರಲ್ಲಿ ಇರಾನಿನಲ್ಲಿ ಕ್ರಾಂತಿ ಆಯಿತು. ಆಮೇಲೆ ಬೇರೆ ಕೊಳ್ಳುವವರನ್ನು ಹುಡುಕಬೇಕಾಯಿತು.

ಈ ಅದಿರಿನಲ್ಲಿ ಕಬ್ಬಿಣದ ಪಾಲು ಕಡಿಮೆ, ಹೊಟ್ಟು ಹೆಚ್ಚು. ನಾವು ಭತ್ತ ಕುಟ್ಟಿ, ಮೊರದಲ್ಲಿ ಕೇರಿ ಹೊಟ್ಟು ಬೇರೆ ಮಾಡುತ್ತೇವಲ್ಲ, ಹಾಗೆ ಕಲ್ಲನ್ನು ಪುಡಿ ಮಾಡಿ ಕಬ್ಬಿಣದ ಪುಡಿಯನ್ನು ಬೇರೆ ಮಾಡಬೇಕಿತ್ತು. ಆ ಪುಡಿಯನ್ನು ನೀರಿನಲ್ಲಿ ಕದಡಿ, ಗಂಜಿಯ ಹಾಗೆ ಮಾಡಿ, ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಹೊಟ್ಟುಮಣ್ಣು ರಾಶಿ ರಾಶಿ. ಅದನ್ನು ತಡೆದು ನಿಲ್ಲಿಸಲು ಲಕ್ಯಾ ಎಂಬ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಕಟ್ಟೆ ಕಟ್ಟಿದರು.

ಕಾಡಿನ ನಡುವೆ ಒಂದು ಪಟ್ಟಣ ಎದ್ದಿತು. ಶಾಲೆ, ಆಸ್ಪತ್ರೆ, ಅಂಗಡಿ, ಬಸ್ಸು ಬಂದವು. ಸಾವಿರಾರು ಜನರಿಗೆ ಕೆಲಸ ಸಿಕ್ಕಿತು. ಇದು ನಿಜ. ಇನ್ನೊಂದು ಕಡೆ ಬೆಟ್ಟ ಅಗೆದ ಜಾಗದಲ್ಲಿ ಹುಲ್ಲು ಹೋಯಿತು, ಮರ ಹೋಯಿತು. ಮಳೆಗಾಲದಲ್ಲಿ ಸಡಿಲ ಮಣ್ಣು ಕೊಚ್ಚಿ ಭದ್ರಾ ನದಿಗೆ ಬಂತು. ಇದೂ ನಿಜ.

ಈ ಪಾಠ ಹೇಳುವಾಗ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬರು ಅಜ್ಜಿ ಕೇಳಿದರು:

"ಅಲ್ಲ ಟೀಚರಮ್ಮ, ಕಬ್ಬಿಣ ಬೇಡ ಅಂದ್ರೆ ಹೆಂಗೆ? ನನ್ನ ಕುಡುಗೋಲು, ಈಳಿಗೆಮಣೆ, ರೊಟ್ಟಿ ಹಂಚು ಎಲ್ಲಾ ಕಬ್ಬಿಣದ್ದೇ ಅಲ್ವಾ?"

"ನೀವು ಕೇಳಿದ್ದು ಸರಿ ಅಜ್ಜಿ. ಕಬ್ಬಿಣ ಬೇಕು. ಆದರೆ ಕಬ್ಬಿಣ ಬೇರೆ ಕಡೆಯೂ ಸಿಗ್ತದೆ. ಹಳೇ ಕಬ್ಬಿಣ ಕರಗಿಸಿ ಹೊಸದೂ ಮಾಡ್ತಾರೆ. ಹೊಳೆ ಹುಟ್ಟುವ ಬೆಟ್ಟವನ್ನು ಕರಗಿಸಿ ಮತ್ತೊಂದು ಮಾಡೋಕೆ ಬರ್ತದಾ?"

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. "ಹಂಗಾರೆ ಕೆಲಸ ಹೋದವರ ಗತಿ?" ಅಂದರು. ಉಳಿದ ಅಕ್ಕಂದಿರೂ ಅದನ್ನೇ ಕೇಳಿದರು.

ಅಜ್ಜಿಯ ಎರಡನೇ ಪ್ರಶ್ನೆ ದೊಡ್ಡ ಪ್ರಶ್ನೆ. ಗಣಿ ಬೇಕು ಎನ್ನುವವರಿಗೂ ಬೇಡ ಎನ್ನುವವರಿಗೂ ವರ್ಷಗಟ್ಟಲೆ ವಾದ ನಡೆಯಿತು. ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಕೆ. ಎಂ. ಚಿಣ್ಣಪ್ಪ ಅವರು ಸುಪ್ರೀಂ ಕೋರ್ಟಿಗೆ ಹೋದರು. 2002ರಲ್ಲಿ ಕೋರ್ಟು ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿ ನಿಲ್ಲಬೇಕು ಎಂದಿತು. ಹಾಗೇ ನಿಂತಿತು. ಕೆಲಸದ ಜನ ಊರು ಬಿಟ್ಟರು. ಪಟ್ಟಣದ ಸಾಲು ಮನೆಗಳು ಖಾಲಿಯಾದವು. ಅಗೆದ ಬೆಟ್ಟ ಮೊದಲಿನ ಹಾಗೆ ಆಗಲು ಎಷ್ಟೋ ತಲೆಮಾರು ಬೇಕು. ಗಣಿ ಶುರು ಮಾಡುವಾಗಲೇ ಕೂತು ಯೋಚಿಸಿದ್ದರೆ ಬೆಟ್ಟವೂ ಉಳಿಯುತ್ತಿತ್ತು, ಜನರೂ ಎರಡು ಸಲ ಮನೆ ಕಟ್ಟುವುದು ತಪ್ಪುತ್ತಿತ್ತು.

8. ಕಾಡಿನ ಜನ, ಕಾಡಿನ ಹಕ್ಕು

ಈ ಕಾಡಿನಲ್ಲಿ ಪ್ರಾಣಿ ಮಾತ್ರ ಇಲ್ಲ, ಜನರೂ ಇದ್ದಾರೆ. ಮಲೆಕುಡಿಯರು ಇಲ್ಲಿಯ ಹಳೆಯ ನಿವಾಸಿಗಳು. ಬೇರೆ ರೈತ ಕುಟುಂಬಗಳೂ ಇವೆ. ಜೇನು, ಸೀಗೆ, ರಾಮಪತ್ರೆಯಂಥ ಕಾಡಿನ ಹುಟ್ಟುವಳಿ ಆರಿಸುವುದು, ಸಣ್ಣ ಗದ್ದೆ ತೋಟ ಮಾಡುವುದು ಇಂಥವರ ಬದುಕು.

ರಾಷ್ಟ್ರೀಯ ಉದ್ಯಾನ ಆದ ಮೇಲೆ ಇವರಿಗೆ ಒಂದು ಭಯ ಹುಟ್ಟಿತು. "ನಮ್ಮನ್ನು ಎಬ್ಬಿಸುತ್ತಾರಾ?" ಕೆಲವು ಕುಟುಂಬಗಳು ಪರಿಹಾರ ತೆಗೆದುಕೊಂಡು ಹೊರಗೆ ಹೋದವು. ಕೆಲವರು ಹೋಗಲು ಒಪ್ಪಲಿಲ್ಲ. ಕಾಡೂ ಉಳಿಯಬೇಕು, ಕಾಡಿನ ಜನಕ್ಕೂ ನ್ಯಾಯ ಆಗಬೇಕು. ಒಂದನ್ನು ಮರೆತರೆ ಇನ್ನೊಂದು ನಿಲ್ಲುವುದಿಲ್ಲ.

ಇಂಥವರಿಗಾಗಿ 2006ರಲ್ಲಿ ಒಂದು ಕಾನೂನು ಬಂತು. ಅದನ್ನು ಅರಣ್ಯ ಹಕ್ಕು ಕಾಯ್ದೆ ಎನ್ನುತ್ತಾರೆ. ಇಡೀ ಭಾರತಕ್ಕೆ ಇದು ಅನ್ವಯ. ಹೆಂಗಸರು ಇದರಲ್ಲಿ ಐದು ಮಾತು ನೆನಪಿಡಬೇಕು.

ಒಂದು: ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಕಾಡಿನಲ್ಲಿ ವಾಸ ಇದ್ದು, ಅದನ್ನೇ ನಂಬಿ ಬದುಕುತ್ತಿದ್ದರೆ ಹಕ್ಕು ಕೇಳಬಹುದು. ಬೇರೆಯವರಾದರೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಇದ್ದದ್ದನ್ನು ತೋರಿಸಬೇಕು.

ಎರಡು: ಅರ್ಜಿಯ ವಿಚಾರ ಶುರುವಾಗುವುದು ಗ್ರಾಮಸಭೆಯಲ್ಲಿ. ಗ್ರಾಮಸಭೆ ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಪಾಲಾದರೂ ಹೆಂಗಸರು ಇರಬೇಕು.

ಮೂರು: ಮದುವೆಯಾದವರಿಗೆ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಆಗಬೇಕು. ಗಂಡನ ಹೆಸರು ಒಂದೇ ಸಾಲದು. ಒಂಟಿ ಹೆಂಗಸು ಮನೆ ನಡೆಸುತ್ತಿದ್ದರೆ ಅವಳ ಹೆಸರಿನಲ್ಲೇ ಆಗಬೇಕು.

ನಾಲ್ಕು: ಕಾಗದಪತ್ರ ಮಾತ್ರ ಸಾಕ್ಷಿ ಅಲ್ಲ. ಊರಿನ ಹಿರಿಯರು ಹೇಳಿದ ಮಾತನ್ನು ಬರೆದು ಕೊಟ್ಟರೆ ಅದೂ ಸಾಕ್ಷಿ. ಆದರೆ ಹಕ್ಕು ಕೇಳುವವರೇ ತಮಗೆ ತಾವೇ ಸಾಕ್ಷಿ ಆಗಲು ಬರುವುದಿಲ್ಲ. ಹಳೇ ಮನೆಯ ಪಾಯ, ಬಾವಿ, ಸಮಾಧಿ ಇಂಥ ಗುರುತುಗಳನ್ನೂ ಸಾಕ್ಷಿಯಾಗಿ ತೋರಿಸಬಹುದು. ಜೊತೆಗೆ ಬೇರೆ ಸಾಕ್ಷಿಯೂ ಇರಬೇಕು. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷಿ ಕೂಡಿಸಿ ಕೊಡಬೇಕು.

ಐದು: ಅರ್ಜಿಯ ವಿಚಾರ ಪೂರ್ತಿ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ.

ನೋಡಿ, ಇಲ್ಲಿ ಅಕ್ಷರ ಎಷ್ಟು ಕೆಲಸಕ್ಕೆ ಬರ್ತದೆ! ಅರ್ಜಿಯಲ್ಲಿ ನಿಮ್ಮ ಹೆಸರು ಇದೆಯಾ ಎಂದು ನೀವೇ ಓದಬಹುದು. ಹೆಬ್ಬೆಟ್ಟು ಒತ್ತುವ ಮೊದಲು ಏನು ಬರೆದಿದೆ ಎಂದು ಕೇಳಬಹುದು. ಅರ್ಜಿ ಕೊಟ್ಟ ಮೇಲೆ ರಸೀದಿ ಪಡೆದು, ಅದರ ತಾರೀಖು ನೋಡಿ, ಪೆಟ್ಟಿಗೆಯಲ್ಲಿ ಇಡಬಹುದು. ಮನೆಯ ಅಜ್ಜಿಗೆ ಗೊತ್ತಿರುವ ಹಳೇ ವಿಷಯಗಳನ್ನು ಮೊಮ್ಮಗಳು ಬರೆದಿಡಬಹುದು.

9. ಬೆಟ್ಟ ಹತ್ತುವವರಿಗೆ

ಕುದುರೆಮುಖ ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೇಸಿಗೆಯಲ್ಲಿ ಬೆಂಕಿಯ ಭಯ ಹೆಚ್ಚು. ಒಣಗಿದ ಹುಲ್ಲಿಗೆ ಒಂದು ಬೀಡಿಯ ಕಿಡಿ ಬಿದ್ದರೆ ಸಾಕು, ಗುಡ್ಡವೇ ಉರಿಯುತ್ತದೆ. ಅದಕ್ಕೇ ಕಾಡಿನಲ್ಲಿ ಬೆಂಕಿ ಹಚ್ಚಬಾರದು. ಪ್ಲಾಸ್ಟಿಕ್ ಬಿಸಾಡಬಾರದು. ಬೆಟ್ಟದ ತುದಿಯಲ್ಲಿ ಬಿಟ್ಟ ಕಸ ಮಳೆಗೆ ಜಾರಿ ಹೊಳೆ ಸೇರುತ್ತದೆ. ಹೊಳೆಯಿಂದ ನಮ್ಮ ಕೊಡಕ್ಕೇ ಬರುತ್ತದೆ.

ಹೊಸ ಪದಗಳು

ಶಿಖರ: ಬೆಟ್ಟದ ತುದಿ
ಆವಿ: ಕಾದ ನೀರಿನ ಹಬೆ
ಮುಂಗಾರು: ಜೂನ್ ತಿಂಗಳಿಂದ ಬರುವ ಮಳೆ
ಶೋಲಾ: ಬೆಟ್ಟದ ಮಡಿಕೆಯ ದಟ್ಟ ಕಾಡು
ಅದಿರು: ಲೋಹ ಇರುವ ಕಲ್ಲುಮಣ್ಣು
ತೀರ್ಪು: ನ್ಯಾಯಾಲಯ ಹೇಳುವ ಕೊನೆಯ ಮಾತು
ಹಕ್ಕುಪತ್ರ: ಇದು ನಿಮ್ಮದು ಎಂದು ಸರ್ಕಾರ ಕೊಡುವ ಕಾಗದ

ಲೆಕ್ಕ ಮಾಡಿ

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಕೊಡಕ್ಕೆ 15 ಲೀಟರ್ ಹಿಡಿಯುತ್ತದೆ ಎನ್ನೋಣ.

ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಂದರೆ ಅಷ್ಟು ನೆಲಕ್ಕೆ ಎಷ್ಟು ಕೊಡ ನೀರು? (600ನ್ನು 15ರಿಂದ ಭಾಗಿಸಿ. ಉತ್ತರ 40 ಕೊಡ.)

7,000 ಮಿಲಿಮೀಟರ್ ಮಳೆ ಬಂದರೆ ಎಷ್ಟು ಕೊಡ? ನೀವೇ ಮಾಡಿ. ಉತ್ತರ 460ಕ್ಕಿಂತ ಹೆಚ್ಚು ಬಂದರೆ ಸರಿ.

ಓದಿ ಉತ್ತರ ಹೇಳಿ

1. ಬೆಟ್ಟಕ್ಕೆ ಕುದುರೆಮುಖ ಎಂಬ ಹೆಸರು ಯಾಕೆ ಬಂತು?
2. ಕುದುರೆಮುಖದ ಬೆಟ್ಟಸಾಲಿನಲ್ಲಿ ಹುಟ್ಟುವ ಮೂರು ನದಿಗಳು ಯಾವುವು? ಯಾವ ನದಿ ಪಶ್ಚಿಮಕ್ಕೆ ಹರಿಯುತ್ತದೆ?
3. ಸಿಂಗಳೀಕಕ್ಕೆ ಕೊಂಬೆಗೆ ಕೊಂಬೆ ತಾಗುವ ಕಾಡು ಯಾಕೆ ಬೇಕು?
4. ಗಣಿ ಯಾವ ವರ್ಷದ ಕೊನೆಗೆ ನಿಂತಿತು?
5. ಅರಣ್ಯ ಹಕ್ಕುಪತ್ರ ಯಾರ ಯಾರ ಹೆಸರಿನಲ್ಲಿ ಆಗಬೇಕು?

ಕೂಡಿ ಚರ್ಚೆ ಮಾಡಿ

ಗಣಿಯಿಂದ ಕೆಲಸ ಬರುತ್ತದೆ. ಗಣಿಯಿಂದ ಹೊಳೆ ಕೆಡುತ್ತದೆ. ನಿಮ್ಮ ಊರಿನ ಗುಡ್ಡ ಅಗೆಯಲು ಯಾರಾದರೂ ಬಂದರೆ ಗ್ರಾಮಸಭೆಯಲ್ಲಿ ನೀವು ಯಾವ ಯಾವ ಪ್ರಶ್ನೆ ಕೇಳುತ್ತೀರಿ? ಕೆಲಸ ಎಷ್ಟು ವರ್ಷ ಇರುತ್ತದೆ? ಆಮೇಲೆ ಏನು? ಮಣ್ಣು ಎಲ್ಲಿಗೆ ಹೋಗುತ್ತದೆ? ಇಂಥ ಐದು ಪ್ರಶ್ನೆಗಳನ್ನು ಎಲ್ಲರೂ ಸೇರಿ ತಯಾರು ಮಾಡಿ.

ಬರೆಯಿರಿ

ನಿಮ್ಮ ಮನೆಗೆ ಬರುವ ನೀರು ಯಾವ ಹೊಳೆಯದು, ಯಾವ ಕೆರೆಯದು? ಅದು ಯಾವ ಕಡೆಯಿಂದ ಬರುತ್ತದೆ? ಊರಿನ ಹಿರಿಯರನ್ನು ಕೇಳಿ ತಿಳಿಯಿರಿ. ನಿಮ್ಮ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ. ಕೆಳಗೆ ನಿಮ್ಮ ಹೆಸರು, ಊರು, ತಾರೀಖು ಹಾಕಿ. ಮುಂದಿನ ತರಗತಿಯಲ್ಲಿ ಅದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿ.